ಗಣಕಭಾಷೆಯ ಕೈಪಿಡಿ: ಕಟ್ಟುವ ಮತ್ತು ಕಾಯುವ ಕೆಲಸ

ಮಾತೃಭಾಷೆಯನ್ನು ಮಗು ತಾಯಿಯ ಮಡಿಲಲ್ಲಿ ಕಲಿತುಕೊಳ್ಳುತ್ತದೆ. ಅದಕ್ಕೆ ವ್ಯಾಕರಣ ಗ್ರಂಥದ ಹಂಗಿಲ್ಲ. ಆದರೆ ಗಣಕಯಂತ್ರದೊಡನೆ ವ್ಯವಹರಿಸುವುದಕ್ಕಾಗಿ ಮನುಷ್ಯನು ನಿರ್ಮಿಸಿಕೊಂಡ ಕೃತಕ ಭಾಷೆಗಳನ್ನು ಕಲಿಸುವ ತಾಯಿ ಎಲ್ಲಿಯೂ ಇಲ್ಲ. ಅವುಗಳ ಪದಗಳೆಷ್ಟು, ವಾಕ್ಯವನ್ನು ಹೇಗೆ ಕಟ್ಟಬೇಕು, ಯಾವ ವಾಕ್ಯಕ್ಕೆ ಯಂತ್ರವು ಯಾವ ಕ್ರಿಯೆಯನ್ನು ನಡೆಸುತ್ತದೆ ಎಂಬುದನ್ನೆಲ್ಲ ಬರೆದಿಟ್ಟ ಪುಸ್ತಕದಿಂದಲೇ ಅರಿಯಬೇಕು. ಆ ಪುಸ್ತಕಕ್ಕೆ ಕೈಪಿಡಿಯೆಂದು ಹೆಸರು.

ಇಂದು ಶಾಲೆಗಳಲ್ಲಿ ಗಣಕಯಂತ್ರಗಳಿಗೆ ಕೊರತೆಯಿದ್ದರೂ ಅವುಗಳ ವಿಷಯದಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ದಾನಿಗಳು ಯಂತ್ರಗಳನ್ನು ಕೊಡಿಸುತ್ತಾರೆ. ಕೊಠಡಿಗೆ ಹೆಸರಿನ ಫಲಕ ಬೀಳುತ್ತದೆ. ಆದರೆ ಆ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯ ಕೈಯಲ್ಲಿ ಇರಬೇಕಾದ ಪುಸ್ತಕವು ಹೇಗೆ ಹುಟ್ಟುತ್ತದೆ, ಹೇಗೆ ಬದುಕಿ ಉಳಿಯುತ್ತದೆ ಎಂಬುದರ ಕಡೆಗೆ ಲಕ್ಷ್ಯ ಹೋಗುವುದು ಅಪರೂಪ. ಈ ಲೇಖನದ ಉದ್ದೇಶ ಆ ಕೆಲಸದ ಸ್ವರೂಪವನ್ನು ಶಿಕ್ಷಕ ಬಂಧುಗಳಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಶಾಲೆಯ ಹಿತೈಷಿಗಳಿಗೂ ಪರಿಚಯಿಸುವುದಾಗಿದೆ.

ಸೂತ್ರ, ವೃತ್ತಿ, ಪ್ರಯೋಗ

ಭಾಷೆಯೊಂದರ ನಿಯಮಗಳನ್ನು ಕ್ರಮಬದ್ಧವಾಗಿ ಬರೆದಿಡುವ ಕಲೆ ನಮ್ಮ ನಾಡಿಗೆ ಹೊಸತಲ್ಲ. ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ 'ಶಬ್ದಮಣಿದರ್ಪಣ'ವನ್ನು ತೆರೆದು ನೋಡಿದರೆ ಅದರ ಕಟ್ಟು ಎಷ್ಟು ಶಾಸ್ತ್ರೀಯವಾದುದೆಂಬುದು ತಿಳಿಯುತ್ತದೆ. ಮೊದಲು ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ವಿವರಣೆಯಾದ ವೃತ್ತಿ, ಆಮೇಲೆ ಹಿಂದಿನ ಕವಿಗಳ ಕೃತಿಗಳಿಂದ ಆಯ್ದ ಪ್ರಯೋಗ. ಸೂತ್ರವು ನಿಯಮವನ್ನು ಹೇಳುತ್ತದೆ, ವೃತ್ತಿಯು ಅದನ್ನು ಬಿಡಿಸುತ್ತದೆ, ಪ್ರಯೋಗವು ಆ ನಿಯಮ ಬಳಕೆಯಲ್ಲಿ ನಿಜವಾಗಿ ಉಂಟೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ. 1604ರಲ್ಲಿ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದು, ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ರಚಿಸಿದನು. ನಿಯಮವನ್ನು ಮಾಡಿದವನೇ ವಿವರಣೆಯನ್ನೂ ಬರೆದರೆ ಎರಡರ ನಡುವೆ ಅಂತರ ಬೀಳುವುದಿಲ್ಲ.

ಗಣಕಭಾಷೆಯ ಒಳ್ಳೆಯ ಕೈಪಿಡಿಯೂ ಈ ಮೂರು ಅಂಗಗಳಿಂದಲೇ ಕೂಡಿರುತ್ತದೆ. ಇದು ಕೇವಲ ಉಪಮಾನವಲ್ಲ. ಗಣಕಭಾಷೆಗಳ ವಾಕ್ಯರಚನೆಯನ್ನು ವರ್ಣಿಸಲು ಬಳಸುವ ಸಂಕೇತಪದ್ಧತಿಗೆ ಅದನ್ನು ರೂಪಿಸಿದ ಜಾನ್ ಬ್ಯಾಕಸ್‌ನ ಹೆಸರಿದೆ. ಆ ಹೆಸರಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬ ವಿದ್ವಾಂಸರು ಗಣಕಶಾಸ್ತ್ರದ ಪತ್ರಿಕೆಯೊಂದರಲ್ಲಿ ಸೂಚಿಸಿದ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಕನ್ನಡವು ಕೇಶಿರಾಜನ ಕಾಲದಿಂದ ಇಂದಿನವರೆಗೆ ಬದಲಾಗಲು ಶತಮಾನಗಳು ಹಿಡಿದವು. ಗಣಕಭಾಷೆ ಕೆಲವೇ ವರ್ಷಗಳಲ್ಲಿ ಬದಲಾಗುತ್ತದೆ. ಇಂದು ಸರಿಯಾಗಿರುವ ಪ್ರಯೋಗ ನಾಳೆ ತಪ್ಪಾಗಬಹುದು. ಆದುದರಿಂದ ಇಲ್ಲಿ ಪುಸ್ತಕವನ್ನು ಬರೆಯುವುದಕ್ಕಿಂತ ಬರೆದ ಪುಸ್ತಕವನ್ನು ಕಾಯುವುದೇ ಹೆಚ್ಚಿನ ಕೆಲಸ.

ಹಳತಾಗುವ ಬಗೆ

ಇದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ. 1991ರಲ್ಲಿ ಗೀಡೊ ವಾನ್ ರಾಸಮ್ ಅವರು ಬಿಡುಗಡೆ ಮಾಡಿದ ಪೈಥಾನ್ ಎಂಬ ಭಾಷೆ ಇಂದು ಶಾಲಾ ಕಾಲೇಜುಗಳಲ್ಲಿ ಬಹಳವಾಗಿ ಕಲಿಸಲ್ಪಡುತ್ತಿದೆ. ಅದರ ಮೂರನೆಯ ಆವೃತ್ತಿ 2008ರ ಡಿಸೆಂಬರ್‌ನಲ್ಲಿ ಹೊರಬಂದಾಗ ಕೆಲವು ಮೂಲಭೂತ ನಿಯಮಗಳು ಬದಲಾದವು. ಪರದೆಯ ಮೇಲೆ ಅಕ್ಷರಗಳನ್ನು ಮೂಡಿಸುವ 'ಪ್ರಿಂಟ್' ಎಂಬ ಆಜ್ಞೆಯ ಮುಂದೆ ಮೊದಲು ಆವರಣ ಚಿಹ್ನೆ ಬೇಕಿರಲಿಲ್ಲ. ಹೊಸ ಆವೃತ್ತಿಯಲ್ಲಿ ಅದು ಕಡ್ಡಾಯ. ಹಳೆಯ ಪುಸ್ತಕವನ್ನು ನೋಡಿ ಬೆರಳಚ್ಚಿಸಿದ ವಿದ್ಯಾರ್ಥಿಗೆ ಯಂತ್ರವು ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಇದು ಕೂಗಿ ಹೇಳುವ ತಪ್ಪು. ಕಷ್ಟವಾದರೂ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಅಪಾಯಕರವಾದುದು ಮೌನವಾಗಿರುವ ತಪ್ಪು. ಎರಡನೆಯ ಆವೃತ್ತಿಯಲ್ಲಿ 7ನ್ನು 2ರಿಂದ ಭಾಗಿಸೆಂದರೆ ಯಂತ್ರವು ಶೇಷವನ್ನು ಬಿಟ್ಟು 3 ಎಂದು ಉತ್ತರ ಕೊಡುತ್ತಿತ್ತು. ಮೂರನೆಯ ಆವೃತ್ತಿಯಲ್ಲಿ ಅದೇ ಸಾಲಿಗೆ 3.5 ಎಂಬ ಉತ್ತರ ಬರುತ್ತದೆ. ಶೇಷವನ್ನು ಬಿಡಬೇಕಾದರೆ ಭಾಗಾಕಾರದ ಓರೆಗೆರೆಯನ್ನು ಎರಡು ಬಾರಿ ಬರೆಯಬೇಕು. ಹಳೆಯ ಕೈಪಿಡಿಯ ಮಾತನ್ನು ನಂಬಿ ತರಗತಿಯ ಅಂಕಗಳ ಸರಾಸರಿ ತೆಗೆಯುವ ಕ್ರಮವಿಧಿಯನ್ನು ಬರೆದವನಿಗೆ ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದು. ಪುಸ್ತಕದಲ್ಲಿ ಒಂದು ಉತ್ತರ, ಪರದೆಯಲ್ಲಿ ಇನ್ನೊಂದು. ಎರಡನೆಯ ಆವೃತ್ತಿಗೆ ಅಧಿಕೃತ ಪಾಲನೆ 2020ರ ಜನವರಿ 1ಕ್ಕೆ ನಿಂತುಹೋಯಿತು. ಆದರೆ ಅದಕ್ಕಾಗಿ ಅಚ್ಚಾದ ಪುಸ್ತಕಗಳು ಗ್ರಂಥಾಲಯದ ಕಪಾಟುಗಳಿಂದ ತಾವಾಗಿಯೇ ಇಳಿದುಹೋಗುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಮನವರಿಕೆ ಮಾಡಿಕೊಡುವುದು ಕಷ್ಟವಲ್ಲ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಅಣೆಕಟ್ಟೆ ನಿಂತಲ್ಲಿಯೇ ನಿಂತಿದೆ. ನೀರಿನ ಜಾಗವನ್ನು ಮಣ್ಣು ಆಕ್ರಮಿಸಿದೆ. ಕೈಪಿಡಿಯಲ್ಲಿಯೂ ಹಾಗೆಯೇ. ರಟ್ಟು ಗಟ್ಟಿಯಾಗಿರುತ್ತದೆ, ಪುಟಗಳು ಹೊಳೆಯುತ್ತಿರುತ್ತವೆ, ಒಳಗೆ ಮಾತ್ರ ವರ್ಷದಿಂದ ವರ್ಷಕ್ಕೆ ಹೂಳು ಕೂಡುತ್ತ ಹೋಗುತ್ತದೆ.

ಒಂದೇ ಮೂಲ, ಹಲವು ರೂಪ

ಹಾಗಾದರೆ ಈ ಹೂಳನ್ನು ತೆಗೆಯುವ ಬಗೆ ಯಾವುದು? ಮೊದಲನೆಯ ನಿಯಮ: ಮೂಲಪಾಠ ಒಂದೇ ಇರಬೇಕು.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಜಗತ್ಪ್ರಸಿದ್ಧವಾದುದು. ಅದೇ ಕಿರುಶಾಸನದ ಪ್ರತಿಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇವೆ. ಒಬ್ಬ ಅರಸನ ಒಂದು ಸಂದೇಶ ಹಲವು ಬಂಡೆಗಳ ಮೇಲೆ ಹಲವು ಕೈಗಳಿಂದ ಕೊರೆಯಲ್ಪಟ್ಟಿತು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಕಾಣುತ್ತದೆ. ಗವಿಮಠದ ಬಂಡೆಯಲ್ಲಿ ದೇವಾನಂಪಿಯ ಎಂಬ ಬಿರುದು ಮಾತ್ರ ಉಂಟು. ಪ್ರತಿ ಬೇರೆಯಾದಂತೆ ಪಾಠವೂ ಬೇರೆಯಾಗುತ್ತದೆಂಬುದಕ್ಕೆ ನಮ್ಮ ನೆಲದಲ್ಲಿಯೇ ಇರುವ ನಿದರ್ಶನವಿದು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಿದ ನಮ್ಮ ಗ್ರಂಥಸಂಪಾದಕರು ಈ ಕಷ್ಟವನ್ನು ಚೆನ್ನಾಗಿ ಬಲ್ಲವರು.

ಇಂದು ಕೈಪಿಡಿಗೆ ಹಲವು ರೂಪಗಳು ಬೇಕಾಗುತ್ತವೆ. ಅಚ್ಚಿಗೆ ಒಂದು, ಗಣಕದ ಪರದೆಗೆ ಒಂದು, ಕೈಯಲ್ಲಿ ಹಿಡಿಯುವ ದೂರವಾಣಿಗೆ ಮತ್ತೊಂದು. ಮೂರನ್ನೂ ಬೇರೆ ಬೇರೆಯಾಗಿ ಬರೆದರೆ ಒಂದರಲ್ಲಿ ತಿದ್ದಿದ ತಪ್ಪು ಇನ್ನೆರಡರಲ್ಲಿ ಉಳಿಯುತ್ತದೆ. ಆದುದರಿಂದ ಬಲ್ಲವರು ಮೂಲಪಾಠವನ್ನು ಅಲಂಕಾರವಿಲ್ಲದ ಸರಳ ಕಡತದಲ್ಲಿ ಬರೆದಿಡುತ್ತಾರೆ. ಇದು ಅಧ್ಯಾಯದ ಹೆಸರು, ಇದು ಉದಾಹರಣೆ, ಇದು ಎಚ್ಚರಿಕೆಯ ಮಾತು ಎಂದು ಗುರುತುಗಳನ್ನು ಮಾತ್ರ ಹಾಕುತ್ತಾರೆ. ಅಕ್ಷರದ ಗಾತ್ರವೆಷ್ಟು, ಅಂಚೆಷ್ಟು ಎಂಬುದನ್ನು ಬೇರೊಂದು ಕಡೆ ಒಮ್ಮೆ ನಿರ್ಧರಿಸುತ್ತಾರೆ. ಆಮೇಲೆ ಜೋಡಣೆಯ ತಂತ್ರಾಂಶಕ್ಕೆ ಆಜ್ಞೆ ಕೊಟ್ಟರೆ ಒಂದೇ ಮೂಲದಿಂದ ಎಲ್ಲ ರೂಪಗಳೂ ಹೊರಬರುತ್ತವೆ. ಈ ಕ್ರಿಯೆಗೆ ಪುಸ್ತಕವನ್ನು ಕಟ್ಟುವುದೆಂದು ಹೆಸರು. ತಿದ್ದುಪಡಿಯಾದಾಗಲೆಲ್ಲ ಹೊಸದಾಗಿ ಕಟ್ಟಬೇಕು, ಕಟ್ಟಿದ ಪ್ರತಿಯಲ್ಲಿ ಎಂದೂ ಕೈಹಾಕಿ ತಿದ್ದಕೂಡದು. ತಿದ್ದಿದರೆ ಮುಂದಿನ ಸಲ ಕಟ್ಟಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ.

ಈ ವಿದ್ಯೆಯ ಇತಿಹಾಸದಲ್ಲಿ ಡೊನಾಲ್ಡ್ ಕ್ನೂತ್ ಅವರ ಹೆಸರು ಸ್ಮರಣೀಯ. 1977ರಲ್ಲಿ ತಮ್ಮ ಗಣಕಶಾಸ್ತ್ರ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿದಾಗ, ಸೀಸದ ಮೊಳೆಗಳ ಬದಲು ಬಂದಿದ್ದ ಹೊಸ ಛಾಯಾಕ್ಷರ ಜೋಡಣೆಯ ಕಳಪೆ ರೂಪ ಅವರಿಗೆ ಸಹಿಸದಾಯಿತು. ಅಚ್ಚುಕಟ್ಟಾದ ಜೋಡಣೆಗಾಗಿ ತಾವೇ 'ಟೆಕ್' ಎಂಬ ತಂತ್ರಾಂಶವನ್ನು ರಚಿಸಲು ತೊಡಗಿದರು. ಅದರ ಕೈಪಿಡಿ 1984ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಕ್ರಮವಿಧಿಯನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ ಬರೆಯುವ ವಿಧಾನವನ್ನು ಲೇಖನವೊಂದರಲ್ಲಿ ಪ್ರತಿಪಾದಿಸಿದರು. ಆ ಕಡತವನ್ನು ಒಂದು ರೀತಿಯಲ್ಲಿ ಬಿಡಿಸಿದರೆ ಯಂತ್ರಕ್ಕೆ ಬೇಕಾದ ಕ್ರಮವಿಧಿ ಸಿಗುತ್ತದೆ, ಇನ್ನೊಂದು ರೀತಿಯಲ್ಲಿ ನೇಯ್ದರೆ ಮನುಷ್ಯರು ಓದುವ ಪುಸ್ತಕ ಸಿಗುತ್ತದೆ. ನೂಲು ಒಂದೇ, ಬಟ್ಟೆ ಎರಡು.

ಪೈಥಾನ್ ಭಾಷೆಯ ಕೈಪಿಡಿಯನ್ನೂ ಮೊದಲು ಟೆಕ್ ಆಧಾರಿತವಾದ ಲೇಟೆಕ್‌ನಲ್ಲಿಯೇ ಬರೆಯಲಾಗುತ್ತಿತ್ತು. ಆಮೇಲೆ ಜಾರ್ಜ್ ಬ್ರಾಂಡ್ಲ್ ಅವರು ರಚಿಸಿದ ಸ್ಫಿಂಕ್ಸ್ ಎಂಬ ಸಾಧನಕ್ಕೆ ಅದು ವರ್ಗವಾಯಿತು. ಇಲ್ಲಿ ಮೂಲವನ್ನು ಬರೆಯುವುದು ಸುಲಭ. ಅಚ್ಚಿನ ಪ್ರತಿ ಬೇಕಾದಾಗ ಅದು ಇಂದಿಗೂ ಲೇಟೆಕ್‌ನ ಮೂಲಕವೇ ಸಿದ್ಧವಾಗುತ್ತದೆ.

ಉದಾಹರಣೆಯ ಪರೀಕ್ಷೆ

ಎರಡನೆಯ ನಿಯಮ: ಪುಸ್ತಕದ ಪ್ರತಿಯೊಂದು ಉದಾಹರಣೆಯೂ ಯಂತ್ರದಲ್ಲಿ ನಡೆದಿರಬೇಕು. 1978ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಅವರು ಸಿ ಭಾಷೆಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದ ಮುನ್ನುಡಿಯಲ್ಲಿ, ಉದಾಹರಣೆಗಳನ್ನೆಲ್ಲ ಪುಸ್ತಕದ ಮೂಲಪಾಠದಿಂದಲೇ ನೇರವಾಗಿ ಪರೀಕ್ಷಿಸಲಾಗಿದೆಯೆಂದು ತಿಳಿಸಿದ್ದಾರೆ. ಅಂದರೆ ಯಂತ್ರದಲ್ಲಿ ನಡೆದ ಸಾಲನ್ನು ಕೈಯಿಂದ ಮತ್ತೆ ನಕಲು ಮಾಡಿ ಪುಸ್ತಕಕ್ಕೆ ಸೇರಿಸಲಿಲ್ಲ. ಕಡತದಲ್ಲಿದ್ದ ಸಾಲೇ ಯಂತ್ರಕ್ಕೂ ಹೋಯಿತು, ಅಚ್ಚಿಗೂ ಹೋಯಿತು. ನಕಲು ಮಾಡುವ ಕೈಯಲ್ಲಿಯೇ ತಪ್ಪಿನ ಬೀಜವಿರುವುದೆಂಬುದನ್ನು ಅವರು ಬಲ್ಲವರಾಗಿದ್ದರು.

ಪೈಥಾನ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಉಪಕರಣವಿದೆ. ಅದು ಕೈಪಿಡಿಯನ್ನು ಓದುತ್ತ ಹೋಗಿ, ಉದಾಹರಣೆ ಸಿಕ್ಕಲ್ಲಿ ಅದನ್ನು ನಡೆಸಿ, ಬಂದ ಉತ್ತರವನ್ನು ಪುಸ್ತಕದಲ್ಲಿ ಅಚ್ಚಾದ ಉತ್ತರದೊಡನೆ ಹೋಲಿಸುತ್ತದೆ. ಹೊಂದದಿದ್ದರೆ ಸಾಲಿನ ಸಂಖ್ಯೆಯೊಡನೆ ವರದಿ ಕೊಡುತ್ತದೆ. ಮೇಲೆ ಹೇಳಿದ ಭಾಗಾಕಾರದ ಮೌನ ತಪ್ಪನ್ನು ಇಂತಹ ಪರೀಕ್ಷೆ ಒಂದು ಕ್ಷಣದಲ್ಲಿ ಹಿಡಿದುಬಿಡುತ್ತದೆ. ಹೊಸ ಆವೃತ್ತಿ ಬಂದ ದಿನವೇ ಪರೀಕ್ಷೆಯನ್ನು ನಡೆಸಿದರೆ ಯಾವ ಯಾವ ಪುಟಗಳನ್ನು ತಿದ್ದಬೇಕೆಂಬ ಪಟ್ಟಿ ಕೈಯಲ್ಲಿರುತ್ತದೆ. ಕೇಶಿರಾಜನ ಪ್ರಯೋಗಗಳಿಗೆ ಕವಿಗಳು ಸಾಕ್ಷಿ. ಈ ಪ್ರಯೋಗಗಳಿಗೆ ಯಂತ್ರವೇ ಸಾಕ್ಷಿ.

ಅಚ್ಚಿನ ಸೂಕ್ಷ್ಮಗಳು

ಕಥೆಯ ಪುಸ್ತಕದಲ್ಲಿ ಒಂದು ಚಿಹ್ನೆ ಬಿದ್ದುಹೋದರೆ ಓದುಗನ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ಯಂತ್ರಕ್ಕೆ ಅಂತಹ ಔದಾರ್ಯವಿಲ್ಲ. ಆದುದರಿಂದ ಗಣಕಭಾಷೆಯ ಕೈಪಿಡಿಯನ್ನು ಅಚ್ಚು ಜೋಡಿಸುವವರು ಸಾಧಾರಣ ಮುದ್ರಕರು ಲೆಕ್ಕಿಸದ ಕೆಲವು ಸಂಗತಿಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ಉದ್ಧರಣ ಚಿಹ್ನೆ. ಪತ್ರ ಬರೆಯುವ ತಂತ್ರಾಂಶಗಳು ನೆಟ್ಟಗಿನ ಚಿಹ್ನೆಯನ್ನು ತಾವಾಗಿಯೇ ಬಾಗಿಸಿ ಅಂದಗೊಳಿಸುತ್ತವೆ. ಕಣ್ಣಿಗೆ ಅದು ಅಂದ. ಗಣಕಭಾಷೆಗೆ ಅದು ಪರಿಚಯವಿಲ್ಲದ ಅಕ್ಷರ. ಪುಟದಿಂದ ನಕಲು ಮಾಡಿದ ಸಾಲು ನಡೆಯುವುದಿಲ್ಲ. ಎರಡನೆಯದು ಅಡ್ಡಗೆರೆ. ಸಾಲಿನ ತುದಿಯಲ್ಲಿ ಪದವನ್ನು ಒಡೆಯುವ ಗೆರೆ, ವ್ಯವಕಲನದ ಗೆರೆ, ಆಜ್ಞೆಯ ಮುಂದೆ ಹಾಕುವ ಗೆರೆ ನೋಟಕ್ಕೆ ಒಂದೇ ತೆರನಾದರೂ ಅವುಗಳ ಸಂಕೇತಸಂಖ್ಯೆಗಳು ಬೇರೆ ಬೇರೆ. ಯುನಿಕ್ಸ್ ವ್ಯವಸ್ಥೆಯ ಕೈಪಿಡಿ ಪುಟಗಳಲ್ಲಿ ಜೋಡಣೆಯ ತಂತ್ರಾಂಶವು ಒಂದರ ಬದಲು ಇನ್ನೊಂದು ಗೆರೆಯನ್ನು ಇರಿಸಿ, ನಕಲು ಮಾಡಿದ ಆಜ್ಞೆಗಳು ನಡೆಯದೆ ಹೋದ ಪ್ರಸಂಗಗಳುಂಟು.

ಮೂರನೆಯದು ಖಾಲಿ ಜಾಗ. ಪೈಥಾನ್‌ನಲ್ಲಿ ಸಾಲಿನ ಆರಂಭದ ಖಾಲಿ ಜಾಗವೇ ವಾಕ್ಯದ ಅರ್ಥವನ್ನು ನಿರ್ಣಯಿಸುತ್ತದೆ. ಪದ್ಯದ ಸಾಲನ್ನು ಒಳಗೆ ಸರಿಸಿದರೂ ಹೊರಗೆ ತಂದರೂ ಪದ್ಯ ಪದ್ಯವೇ, ಇಲ್ಲಿ ಹಾಗಲ್ಲ. ಕ್ರಮವಿಧಿಯ ಸಾಲು ಪುಟದ ಅಗಲಕ್ಕಿಂತ ಉದ್ದವಾದರೆ ಜೋಡಣೆಯವನು ಅದನ್ನು ತನ್ನ ಇಷ್ಟದಂತೆ ಒಡೆಯುವಂತಿಲ್ಲ. ಹೀಗಾಗಿ ಉದಾಹರಣೆಗಳಿಗೆ ಎಲ್ಲ ಅಕ್ಷರಗಳೂ ಸಮಾನ ಅಗಲವಾಗಿರುವ ಮೊಳೆಯನ್ನು ಬಳಸಿ, ಬರೆಯುವಾಗಲೇ ಸಾಲುಗಳನ್ನು ಚಿಕ್ಕದಾಗಿರಿಸುವುದು ವಾಡಿಕೆ.

ನಾಲ್ಕನೆಯದು ಪುಟಸಂಖ್ಯೆಯ ಉಲ್ಲೇಖ. ಇಂತಹ ಪುಟವನ್ನು ನೋಡಿರಿ ಎಂದು ಬರೆಯುವಾಗ ಆ ಪುಟದ ಸಂಖ್ಯೆ ಇನ್ನೂ ತಿಳಿದಿರುವುದಿಲ್ಲ. ಪುಸ್ತಕ ಪೂರ್ತಿ ಜೋಡಣೆಯಾದ ಮೇಲೆಯೇ ತಿಳಿಯುತ್ತದೆ. ಆದುದರಿಂದ ಲೇಟೆಕ್ ಮೊದಲ ಸುತ್ತಿನಲ್ಲಿ ಸಂಖ್ಯೆಗಳನ್ನು ಒಂದು ಸಹಾಯಕ ಕಡತದಲ್ಲಿ ಬರೆದಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಅವುಗಳನ್ನು ಸ್ಥಾನದಲ್ಲಿ ತುಂಬುತ್ತದೆ. ಒಂದೇ ಸುತ್ತಿಗೆ ನಿಲ್ಲಿಸಿದರೆ ಸಂಖ್ಯೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಮೊಳೆ ಜೋಡಿಸುತ್ತಿದ್ದ ಕಾಲದ ಅನುಭವಿಗಳಿಗೆ ಈ ಕಷ್ಟ ಗೊತ್ತು. ಕೊನೆಯ ಘಳಿಗೆಯಲ್ಲಿ ಒಂದು ಪುಟ ಸೇರಿದರೆ ಪರಿವಿಡಿಯನ್ನೆಲ್ಲ ಬದಲಿಸಬೇಕಾಗುತ್ತಿತ್ತು.

ಕನ್ನಡ ಲಿಪಿಯ ದಾರಿ

ಕನ್ನಡದಲ್ಲಿ ಇಂತಹ ಕೈಪಿಡಿಯನ್ನು ಕಟ್ಟಬಹುದೇ? ಕಟ್ಟಬಹುದು, ಆದರೆ ಲಿಪಿಯ ಸ್ವಭಾವವನ್ನು ಅರಿತಿರಬೇಕು.

ಕನ್ನಡ ಅಚ್ಚಿನ ಚರಿತ್ರೆಯಲ್ಲಿ ವ್ಯಾಕರಣ ಗ್ರಂಥಗಳಿಗೆ ಆರಂಭದಿಂದಲೂ ಮಹತ್ತ್ವದ ಸ್ಥಾನವಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಸೀರಾಂಪುರದಲ್ಲಿ ಅಚ್ಚಾಯಿತು. ಕಿಟೆಲ್ ಅವರು ಸಂಪಾದಿಸಿದ 'ಶಬ್ದಮಣಿದರ್ಪಣ'ವು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಒತ್ತಕ್ಷರಗಳನ್ನು ಸಾಲಿನ ಕೆಳಗೆ ಕೂರಿಸುವುದು ಅಂದಿನ ಮೊಳೆ ಜೋಡಣೆಯವರಿಗೆ ಸಣ್ಣ ಸಾಹಸವಾಗಿರಲಿಲ್ಲ. 'ಶಾಸ್ತ್ರ', 'ರಾಷ್ಟ್ರ' ಎಂಬಂತಹ ಪದಗಳಲ್ಲಿ ಒಂದು ಒತ್ತಿನೊಡನೆ ಇನ್ನೊಂದು ಒತ್ತು ಬರುತ್ತದೆ. ಆದುದರಿಂದಲೇ ಕನ್ನಡ ಪುಟದಲ್ಲಿ ಸಾಲುಗಳ ನಡುವಣ ಅಂತರ ಹೆಚ್ಚು ಬೇಕು. ರೋಮನ್ ಲಿಪಿಯ ಕ್ರಮವಿಧಿಯ ಸಾಲುಗಳೊಡನೆ ಕನ್ನಡದ ವಿವರಣೆಯ ಸಾಲುಗಳು ಸೇರಿದಾಗ ಪುಟ ಎತ್ತರ ತಗ್ಗಾಗಿ ಕಾಣದಂತೆ ಅಳತೆಯನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು.

ಗಣಕಕ್ಕೆ ಕನ್ನಡ ಬಂದ ಬಗೆಯೂ ಪಾಲನೆಯ ಪಾಠವನ್ನೇ ಹೇಳುತ್ತದೆ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆಯ ವಿನ್ಯಾಸದಿಂದ ಕನ್ನಡ ಬೆರಳಚ್ಚು ಎಲ್ಲರ ಕೈಗೆ ಎಟುಕಿತು. 'ಬರಹ', 'ನುಡಿ' ಮೊದಲಾದ ತಂತ್ರಾಂಶಗಳು ಕನ್ನಡವನ್ನು ಕಚೇರಿ ಮನೆಗಳಿಗೆ ಮುಟ್ಟಿಸಿ ದೊಡ್ಡ ಉಪಕಾರ ಮಾಡಿದವು. ಆದರೆ ಅವುಗಳ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅನೇಕ ಸಂಸ್ಥೆಗಳ ಹಳೆಯ ಸಂಚಿಕೆಗಳೂ ವರದಿಗಳೂ ಈ ಸ್ಥಿತಿಯಲ್ಲಿಯೇ ಇವೆ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನವಿದೆ. ಅಲ್ಲಿ ತೊಂಬತ್ತರ ಆಸುಪಾಸಿನ ಮೂಲಸಂಕೇತಗಳು ಮಾತ್ರ. ಅವುಗಳಿಂದ ಗುಣಿತಾಕ್ಷರ, ಒತ್ತಕ್ಷರಗಳನ್ನು ಕಟ್ಟುವುದು ಫಾಂಟಿನ ಮತ್ತು ಜೋಡಣೆಯ ತಂತ್ರಾಂಶದ ಹೊಣೆ. ಮೂಲಪಾಠವನ್ನು ಯುನಿಕೋಡ್‌ನಲ್ಲಿಯೇ ಇಡುವುದು ಕನ್ನಡ ಕೈಪಿಡಿಯ ಮೊದಲ ಷರತ್ತು.

2004ರಲ್ಲಿ ಜೊನಾಥನ್ ಕ್ಯೂ ಅವರು ರಚಿಸಿದ ಜೀಟೆಕ್‌ನಿಂದ ಯುನಿಕೋಡ್ ಪಠ್ಯವನ್ನು ನೇರವಾಗಿ ಟೆಕ್ ಪದ್ಧತಿಯಲ್ಲಿ ಜೋಡಿಸುವುದು ಸಾಧ್ಯವಾಯಿತು. ಟೆಕ್ ಒಂದೊಂದೇ ಸಾಲನ್ನು ನೋಡದೆ ಇಡೀ ಪರಿಚ್ಛೇದವನ್ನು ತೂಗಿ ಸಾಲುಗಳನ್ನು ಒಡೆಯುತ್ತದೆ. ಆದರೂ ನಮ್ಮ ಸಮಾಸಪದಗಳು ಉದ್ದವಾದವು. ಅವುಗಳನ್ನು ಒಡೆಯಲು ಬಾರದಿದ್ದರೆ ಪದಗಳ ನಡುವೆ ದೊಡ್ಡ ದೊಡ್ಡ ತೆರಪುಗಳು ಬೀಳುತ್ತವೆ. ಸಂತೋಷ್ ತೋಟ್ಟಿಂಗಲ್ ಅವರು ಭಾರತೀಯ ಭಾಷೆಗಳಿಗಾಗಿ ಸಿದ್ಧಪಡಿಸಿದ ಪದವಿಭಜನೆಯ ನಿಯಮಗಳಲ್ಲಿ ಕನ್ನಡವೂ ಸೇರಿದೆ. ಅಕ್ಷರದ ನಡುವೆ ಅಲ್ಲದೆ ಅಕ್ಷರಗಳ ಸಂಧಿಯಲ್ಲಿ ಮಾತ್ರ ಪದವು ಮುರಿಯುತ್ತದೆ.

ಇನ್ನೊಂದು ತೊಡಕು ಉಳಿದಿದೆ. 'ಕರ್ಮ' ಎಂಬ ಪದದಲ್ಲಿ ರಕಾರವು ಉಚ್ಚಾರಣೆಯಲ್ಲಿ ಮಕಾರಕ್ಕಿಂತ ಮೊದಲು ಬರುತ್ತದೆ. ಬರೆಹದಲ್ಲಿ ಅರ್ಕಾವೊತ್ತಾಗಿ ಮಕಾರದ ನಂತರ ಕೂರುತ್ತದೆ. ಕಡತದಲ್ಲಿ ಉಚ್ಚಾರಣೆಯ ಕ್ರಮವಿದ್ದರೆ ಪುಟದಲ್ಲಿ ನೋಟದ ಕ್ರಮವಿರುತ್ತದೆ. ಹೀಗಾಗಿ ಕನ್ನಡದ ಪಿಡಿಎಫ್ ಪುಟದಿಂದ ಪಠ್ಯವನ್ನು ನಕಲು ಮಾಡಿದಾಗ ಅಕ್ಷರಗಳು ಹಿಂದುಮುಂದಾಗುವುದೂ, ಕಣ್ಣೆದುರಿಗೇ ಇರುವ ಪದವನ್ನು ಹುಡುಕಿದಾಗ ಸಿಗದಿರುವುದೂ ಉಂಟು. ಆದುದರಿಂದ ಪುಟಗಳನ್ನು ಮಾತ್ರ ಕಾಪಾಡಿ ಮೂಲಕಡತವನ್ನು ಕಳೆದುಕೊಂಡರೆ ಪುಸ್ತಕವನ್ನೇ ಕಳೆದುಕೊಂಡಂತೆ.

ಪಾರಿಭಾಷಿಕ ಪದಗಳ ವಿಷಯವನ್ನೂ ಹೇಳಬೇಕು. ಒಂದು ಪುಟದಲ್ಲಿ 'ಚರಾಕ್ಷರ', ಮುಂದಿನ ಪುಟದಲ್ಲಿ 'ಚಲಕ', ಅದರ ಮುಂದೆ 'ವೇರಿಯಬಲ್' ಎಂದು ಬರೆದರೆ ವಿದ್ಯಾರ್ಥಿ ಮೂರು ವಸ್ತುಗಳಿವೆಯೆಂದು ಭಾವಿಸುತ್ತಾನೆ. ಒಳ್ಳೆಯ ಮೂಲಕಡತದಲ್ಲಿ ಪದವನ್ನು ಒಂದು ಕಡೆ ವ್ಯಾಖ್ಯಾನಿಸಿ ಉಳಿದೆಡೆಗಳಲ್ಲಿ ಅದರ ಗುರುತನ್ನು ಮಾತ್ರ ಬಳಸಲಾಗುತ್ತದೆ. ಮುಂದೆ ವಿದ್ವಾಂಸರು ಉತ್ತಮವಾದ ಪದವೊಂದನ್ನು ಸೂಚಿಸಿದರೆ ಒಂದು ಕಡೆ ಬದಲಿಸಿದರೆ ಸಾಕು, ಇಡೀ ಗ್ರಂಥ ಬದಲಾಗುತ್ತದೆ. ಭಾಷಾಂತರಗಳಿಗೂ ಇಂತಹ ವ್ಯವಸ್ಥೆಯುಂಟು. ಮೂಲದ ವಾಕ್ಯ ಬದಲಾದೊಡನೆ ಅದರ ಅನುವಾದವು ಸಂದೇಹಾಸ್ಪದವೆಂದು ತಾನಾಗಿಯೇ ಗುರುತಾಗುತ್ತದೆ. ಅನುವಾದಕನು ಇಡೀ ಪುಸ್ತಕವನ್ನು ಮತ್ತೆ ಓದದೆ ಆ ವಾಕ್ಯಗಳನ್ನಷ್ಟೇ ತಿದ್ದಬಹುದು.

ಕಾಲುವೆಯ ಕೊನೆಯಂಚು

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂದು ಕೆಲವರು ಕೇಳಬಹುದು. ಉತ್ತರವು ನಮ್ಮ ಹೊಲಗಳಲ್ಲಿಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರಿಗೆ ಕಾಲುವೆಯಲ್ಲಿ ಒಂದಿಷ್ಟು ಹೂಳಿದ್ದರೂ ನೀರು ಸಿಗುತ್ತದೆ. ಮಾನ್ವಿ, ರಾಯಚೂರು ಭಾಗದ ಕೊನೆಯಂಚಿನ ರೈತನಿಗೆ ಮಾತ್ರ ಪ್ರತಿಯೊಂದು ಬಿರುಕೂ ಪ್ರತಿಯೊಂದು ಹೂಳೂ ತನ್ನ ಬೆಳೆಯ ಮೇಲಿನ ಬರೆ.

ವಿದ್ಯೆಯ ಕಾಲುವೆಗೂ ಕೊನೆಯಂಚು ಉಂಟು. ಬೆಂಗಳೂರಿನ ವಿದ್ಯಾರ್ಥಿಗೆ ಪುಸ್ತಕದಲ್ಲಿ ತಪ್ಪು ಸಿಕ್ಕರೆ ಪಕ್ಕದ ಮನೆಯ ಅಭಿಯಂತರನನ್ನು ಕೇಳುತ್ತಾನೆ. ಪುಸ್ತಕ ಹಳೆಯದೆಂದು ಅವನು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಕುರ್ಡಿಯಂತಹ ಗ್ರಾಮದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿಗೆ ಪುಸ್ತಕವೇ ಗುರು. ಪುಸ್ತಕದಲ್ಲಿ ಇದ್ದಂತೆಯೇ ಬರೆದಳು, ಯಂತ್ರವು ತಪ್ಪೆಂದಿತು. ಮತ್ತೆ ಬರೆದಳು, ಮತ್ತೆ ತಪ್ಪೆಂದಿತು. ಅಚ್ಚಾದ ಅಕ್ಷರ ತಪ್ಪಿರಬಹುದೆಂಬ ಶಂಕೆಯೇ ಅವಳಿಗೆ ಹುಟ್ಟುವುದಿಲ್ಲ. ಈ ವಿದ್ಯೆ ತನ್ನ ತಲೆಗೆ ಹತ್ತುವುದಲ್ಲವೆಂದು ತೀರ್ಮಾನಿಸಿಬಿಡುತ್ತಾಳೆ. ಪಾಲನೆಯಿಲ್ಲದ ಕೈಪಿಡಿ ಮಾಡುವ ನಿಜವಾದ ಹಾನಿ ಇದೇ. ಪುಸ್ತಕದ ದೋಷವನ್ನು ಮಗು ತನ್ನ ದೋಷವೆಂದು ಹೊತ್ತುಕೊಳ್ಳುತ್ತದೆ.

ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಉನ್ನತ ಶಿಕ್ಷಣದಲ್ಲಿ ಮೀಸಲು ಸ್ಥಾನಗಳು ದೊರೆತಿವೆ. 2019ರಲ್ಲಿ ರಾಯಚೂರಿಗೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಬಂದಿತು. ಬಾಗಿಲು ತೆರೆದಿದೆ, ಆ ಬಾಗಿಲಿನವರೆಗೆ ಮಗುವನ್ನು ಆತ್ಮವಿಶ್ವಾಸದಿಂದ ನಡೆಸಿಕೊಂಡು ಹೋಗುವ ಪುಸ್ತಕ ಶಾಲೆಯಲ್ಲಿರಬೇಕು.

ಶಾಲೆಗಳು ಮಾಡಬಹುದಾದ ಕೆಲಸ

ಇದಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಇಲ್ಲಿ ಹೆಸರಿಸಿದ ಟೆಕ್, ಲೇಟೆಕ್, ಸ್ಫಿಂಕ್ಸ್, ಪೈಥಾನ್ ಎಲ್ಲವೂ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಮೂವತ್ತು ನಲವತ್ತು ಪುಟಗಳ ಒಂದು ಕನ್ನಡ ಕೈಪಿಡಿಯಿಂದ ಆರಂಭಿಸಬಹುದು. ಮುಖಪುಟದ ಮೇಲೆಯೇ ಇದು ಭಾಷೆಯ ಯಾವ ಆವೃತ್ತಿಗೆ ಸಂಬಂಧಿಸಿದ್ದು, ಯಾವ ದಿನ ಕಟ್ಟಿದ್ದು ಎಂಬುದನ್ನು ನಮೂದಿಸಬೇಕು. ಮೂಲಕಡತಗಳನ್ನು ಒಬ್ಬರ ಯಂತ್ರದಲ್ಲಿ ಮಾತ್ರ ಇಡದೆ, ಯಾರು, ಎಂದು, ಏತಕ್ಕಾಗಿ ಬದಲಿಸಿದರೆಂಬುದನ್ನು ದಾಖಲಿಸುವ ಗಿಟ್‌ನಂತಹ ವ್ಯವಸ್ಥೆಯಲ್ಲಿ ಇಡಬೇಕು. ಇಲ್ಲವಾದರೆ ಶಿಕ್ಷಕರೊಬ್ಬರು ವರ್ಗವಾಗಿ ಹೋದೊಡನೆ ಪುಸ್ತಕವೂ ಅನಾಥವಾಗುತ್ತದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಪ್ರಾರಂಭವಾಗುವಾಗ ಎಲ್ಲ ಉದಾಹರಣೆಗಳನ್ನೂ ಒಮ್ಮೆ ಯಂತ್ರದಲ್ಲಿ ನಡೆಸಿ, ತಿದ್ದಬೇಕಾದುದನ್ನು ತಿದ್ದಿ, ಹೊಸ ಪ್ರತಿಯನ್ನು ಕಟ್ಟಬೇಕು.

ವಿದ್ಯಾರ್ಥಿಗಳನ್ನೂ ಈ ಕೆಲಸದಲ್ಲಿ ತೊಡಗಿಸಬಹುದು. ಕ್ನೂತ್ ಅವರು ತಮ್ಮ ಪುಸ್ತಕಗಳಲ್ಲಿ ತಪ್ಪನ್ನು ತೋರಿಸಿದವರಿಗೆ 2 ಡಾಲರ್ 56 ಸೆಂಟುಗಳ ಬಹುಮಾನವನ್ನು ಗೊತ್ತುಪಡಿಸಿದರು. ಅನೇಕರು ಆ ಚೆಕ್ಕನ್ನು ನಗದಾಗಿಸದೆ ಗೌರವದ ಗುರುತಾಗಿ ಕಾಪಾಡಿಕೊಂಡರು. ಟೆಕ್ ತಂತ್ರಾಂಶವನ್ನು ತಿದ್ದಿದಾಗಲೆಲ್ಲ ಅದರ ಆವೃತ್ತಿಯ ಸಂಖ್ಯೆ ಪೈ ಬೆಲೆಗೆ ಒಂದು ಅಂಕಿಯಷ್ಟು ಹತ್ತಿರವಾಗುತ್ತದೆ. 2021ರಲ್ಲಿ ಅದು 3.141592653ಕ್ಕೆ ತಲಪಿತು. ಪೂರ್ಣತೆಯನ್ನು ಮುಟ್ಟಲಾರೆವಾದರೂ ಅದರ ಸಮೀಪಕ್ಕೆ ಹೋಗುತ್ತಲೇ ಇರಬಹುದೆಂಬ ವಿನಯ ಅದರಲ್ಲಿದೆ. ನಮ್ಮ ಶಾಲೆಯಲ್ಲಿಯೂ ತಪ್ಪು ಕಂಡುಹಿಡಿದ ವಿದ್ಯಾರ್ಥಿಯ ಹೆಸರನ್ನು ಮುಂದಿನ ಪ್ರತಿಯ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದರೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲ. ಅಚ್ಚಾದುದನ್ನು ಪ್ರಶ್ನಿಸಬಹುದು, ಪ್ರಶ್ನೆ ನ್ಯಾಯವಾಗಿದ್ದರೆ ಅಚ್ಚು ಬದಲಾಗುತ್ತದೆ ಎಂಬುದನ್ನು ಮಗು ಆ ಒಂದು ಹೆಸರಿನಿಂದ ಕಲಿಯುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ವರ್ಷಕ್ಕೆ ನಾಲ್ಕು ದಿನಗಳನ್ನು ಈ ಪರಿಷ್ಕರಣೆಗೆ ಮೀಸಲಿಟ್ಟರೆ ಶಾಲೆಗೆ ದೊಡ್ಡ ನೆರವಾಗುತ್ತದೆ. ದಾನಿಗಳಲ್ಲಿ ಒಂದು ವಿಜ್ಞಾಪನೆ: ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗಿ ಮೂಲೆ ಸೇರುತ್ತದೆ. ಅದಕ್ಕಾಗಿ ಕೊಡುವ ಹಣದಲ್ಲಿ ಒಂದು ಪಾಲನ್ನು ಪುಸ್ತಕದ ಪಾಲನೆಗೆಂದು ದತ್ತಿಯಾಗಿ ಇಟ್ಟರೆ, ಅದರ ಬಡ್ಡಿಯಿಂದ ಪ್ರತಿ ವರ್ಷ ಹೊಸ ಪ್ರತಿಗಳು ಅಚ್ಚಾಗಿ ಮಕ್ಕಳ ಕೈ ಸೇರುತ್ತವೆ. ಅದಕ್ಕೆ ಗೋಡೆಯ ಮೇಲೆ ಫಲಕವಿರಲಿಕ್ಕಿಲ್ಲ. ಆದರೆ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಿರುತ್ತದೆ.